ಸುಂಕಲಮ್ಮನ ಎಡಗಣ್ಣು

ಆಲೂರು
ಗುರುವಾರ, 14-11-2024

ಹಾರಿಕಾಳ ಅಪ್ಪನಿಗೆ ನಿಮ್ಮ ವಿಜಯಶ್ರೀ ಮಾಡುವ ನಮಸ್ಕಾರಗಳು.

ಕೆಮ್ಮು ಹೇಗಿದೆ? ಆ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ ಇಲ್ಲವೋ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಾ? ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ, ಆ ಸುಳ್ಳು ಇವತ್ತು ನನ್ನ ಕೈಯಿಂದ ಬರುತ್ತಿಲ್ಲ. ಅತ್ತೆ ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟು ಏಳುತ್ತಾರೆ. ಹಾರಿಕಾ ಕಾಲೇಜಿನಿಂದ ಬಂದವಳೇ ಮೊದಲು ನಿಮ್ಮ ಕೆತ್ತನೆಯ ಶೆಡ್ಡಿನ ಬಾಗಿಲು ನೋಡುತ್ತಾಳೆ. ನೀವು ಹೋದ ದಿನ ನಾನು ಹತ್ತು ಸಲ ಫೋನು ಮಾಡಿದೆ, ಅದು ನಮ್ಮ ಶೆಡ್ಡಿನಲ್ಲೇ ಗೋಣಿಚೀಲದ ಕೆಳಗೆ ಬಡಿದುಕೊಂಡಿತು. ಮಹಾರಾಯರೇ, ಮನೆ ಬಿಡುವವರು ಫೋನಾದರೂ ಒಯ್ಯುತ್ತಾರೆ! ಆಮೇಲೆ ನಾನು ಎಲ್ಲಿಗೆ ಹೋದೆ ಗೊತ್ತೇ? ಹಿತ್ತಲ ಬಾವಿಗೆ. ಹಗ್ಗ ಹಿಡಿದು ಬಗ್ಗಿ ನೋಡಿದೆ. ನಿಮ್ಮನ್ನು ನಾನು ಅಲ್ಲಿ ಹುಡುಕುವಂತೆ ಮಾಡಿದಿರಲ್ಲ, ಅದನ್ನು ಮಾತ್ರ ಈ ಜನ್ಮದಲ್ಲಿ ಮರೆಯುವುದಿಲ್ಲ.

ಬೇತಂಚೆರ್ಲಕ್ಕೆ ಬಂಡೆ ತರಲು ಹೋಗುವ ಲಾರಿಯ ಭೀಮಲಿಂಗಪ್ಪ ಮೊನ್ನೆ ಬಂದು, "ವೈನೀ, ಅಣ್ಣ ಅಲ್ಲೇ ಅದಾನ. ಪಾಲಿಷ್ ಮಿಷನ್ ಮುಂದ ನಿಂತು ಅಡಿಗಿಮನಿ ಬಂಡಿ ಕೊಯ್ಯಾಕತ್ಯಾನ. ಮಾತಾಡ್ಸಿದ್ರ ಮಾರಿ ತಿರುವಿದ" ಅಂದ. ಇದ್ದೀರಿ ಎಂದು ತಿಳಿದು ಹೊಸ್ತಿಲ ಮೇಲೆ ಕುಳಿತು ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು. ಹಾಲಹರವಿಯಲ್ಲಿ ಕುರಿ ಕಾಯುತ್ತಾ ಬಳಪದ ಕಲ್ಲಿನಲ್ಲಿ ಟಗರು ಕೆತ್ತಿದ ಕೈ ಅದು. ಆ ಟಗರನ್ನು ಅತ್ತೆ ಇಂದಿಗೂ ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚುತ್ತಾರೆ. ಗುರುಗಳ ಮನೆಯಲ್ಲಿ ಆರು ವರ್ಷ, ಅದರಲ್ಲಿ ಮೊದಲ ಎರಡು ವರ್ಷ ಬರೀ ಉಳಿ ಹದ ಮಾಡಿದಿರಿ. ಸ್ಕೂಲುಗಳಿಗೆ ಸರಸ್ವತಿ, ಸರ್ಕಲ್ಲುಗಳಿಗೆ ಸತ್ತ ನಾಯಕರು, ಹೀಗೆ ಹೊಟ್ಟೆಪಾಡಿಗೆ ಮಾಡಿದ್ದು ಎಷ್ಟೋ. ಹೈದರಾಬಾದಿನ ಪ್ರದರ್ಶನಕ್ಕೆ ಒಯ್ದ ಆ ಕಪ್ಪು ಕಲ್ಲಿನ ಕೊಡಗಳ ಸಾಲು ಮಾತ್ರ ನಿಮ್ಮ ಮನಸ್ಸಿನ ಕೆಲಸ. ಇಪ್ಪತ್ತೊಂದು ಕೊಡ, ಒಂದರಂತೆ ಇನ್ನೊಂದಿಲ್ಲ. ಪೇಪರಿನವರು ಇದರ ಅರ್ಥವೇನು ಎಂದು ಕೇಳಿದರೆ ನೀವು, "ಅರ್ಥ ಏನಿಲ್ರಿ ಸಾರ್, ನಮ್ಮೂರಾಗ ನಳ ಮೂರು ದಿನಕ್ಕೊಮ್ಮಿ ಬರ್ತೈತಿ" ಅಂದಿರಿ. ಹೈದರಾಬಾದಿನಲ್ಲೇ ಇರಿ ಎಂದವರಿಗೆ, "ಕಲ್ಲು ನಮ್ಮೂರಾಗೈತಿ, ನಾ ಇಲ್ಲಿದ್ದು ಏನ್ ಮಾಡ್ಲಿ?" ಅಂದು ಬಸ್ಸು ಹತ್ತಿದಿರಿ. ಅಂಥವರು ಈಗ ಯಾರದೋ ಅಡುಗೆಮನೆಗೆ ಬಂಡೆ ಕೊಯ್ಯುತ್ತೀರಾ? ಕೆಲಸ ಯಾವುದೂ ಕೀಳಲ್ಲ, ನನಗೂ ಗೊತ್ತು. ನೀವು ಅದನ್ನು ಶಿಕ್ಷೆ ಎಂದು ಮಾಡುತ್ತಿದ್ದೀರಿ, ಅದನ್ನು ನನಗೆ ತಡೆಯಲಾಗುತ್ತಿಲ್ಲ.

ಆ ಮಂಗಳವಾರದ ಮಾತನ್ನು ಬರೆಯಲೇಬೇಕು. ನೀವು ಹನ್ನೊಂದು ತಿಂಗಳು ಕೆತ್ತಿದ ಊರದೇವಿ ಸುಂಕಲಮ್ಮ ಪೆದ್ದಹರಿವಾಣದ ಗುಡಿಯಲ್ಲಿ ನಿಂತಿದ್ದಳು, ಕಣ್ಣಿನ ಗೊಂಬೆಗಳು ಮಾತ್ರ ಬಾಕಿ. ಕೆತ್ತಿದ ಕೈಯೇ ಕಣ್ಣು ತೆರೆಯಬೇಕು, ತಾಯಿಯ ಮೊದಲ ನೋಟ ಕನ್ನಡಿಯಲ್ಲಿ ತನ್ನ ಮುಖದ ಮೇಲೇ ಬೀಳಬೇಕು. ಪರದೆಯ ಒಳಗೆ ನಾವಿಬ್ಬರೇ. ಹದಿನೆಂಟು ವರ್ಷದಿಂದ ಕನ್ನಡಿ ಹಿಡಿಯುವವಳು ನಾನೇ. ಬಲಗಣ್ಣು ಚೆಂದ ಮೂಡಿತು. ಎಡಗಣ್ಣಿಗೆ ಉಳಿ ಇಟ್ಟಿರಿ, ಜಾರಿತು, ಕೆಳರೆಪ್ಪೆಯಿಂದ ಅಕ್ಕಿಕಾಳಿನಷ್ಟು ಚೂರು ಹಾರಿತು. "ವಿಜೀ, ನನ್ನ ಕೈಯಾಗ ತಾಯಿ ಕಣ್ಣು ಹೋತು" ಅಂದಿರಿ. ಅಷ್ಟೇ. ಹೊರಗೆ ಡೊಳ್ಳು ಹೊಡೆಯುತ್ತಲೇ ಇದ್ದರು, ನೀವು ಹಿಂದಿನ ಬಾಗಿಲಿನಿಂದ ಹೋಗಿಬಿಟ್ಟಿರಿ. ಪರದೆ ಸರಿಸಿ ಅಷ್ಟು ಜನರಿಗೆ ಮುಖ ತೋರಿಸಿದವಳು ನಾನು.

ಇಂದಿಗೆ ಇಪ್ಪತ್ತಮೂರು ದಿನ. ಪೆದ್ದಹರಿವಾಣದ ಹಿರಿಯ ಪೆದ್ದಣ್ಣ ನಿನ್ನೆ ಬಂದಿದ್ದರು. ಒಳ್ಳೆಯ ಮನುಷ್ಯ, ನೀರು ಸಹ ಕುಡಿಯದೆ ತಲೆ ತಗ್ಗಿಸಿ ಕುಳಿತಿದ್ದರು. "ಏಂ ಚೇಸ್ತಾಂ ತಾಯಿ, ಏನ್ ಮಾಡೂದು, ಕಣ್ಣು ತೆರೆದ ಮ್ಯಾಲ ಊನ ಆದ ಮೂರ್ತಿನ ಪೂಜಿ ಮಾಡಂಗಿಲ್ಲ. ಬರೋ ಮಂಗಳವಾರ ಕಾಲುವಿಗೆ ಬಿಡ್ತೀವಿ" ಅಂದರು. ಕೇಳಿದಿರಾ? ಹನ್ನೊಂದು ತಿಂಗಳ ತಾಯಿಯನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿ ಕಾಲುವೆಗೆ ನೂಕುತ್ತಾರೆ. ಆಕೆಯ ಜೊತೆಗೆ ನೀವೂ ಮುಳುಗುತ್ತೀರಿ, ಮತ್ತೆ ಈ ಜನ್ಮದಲ್ಲಿ ಉಳಿ ಹಿಡಿಯುವುದಿಲ್ಲ. ಮಂಗಳವಾರದೊಳಗೆ ಬನ್ನಿ. ಬೇಡುತ್ತೇನೆ, ಕಾಲಿಗೆ ಬೀಳುತ್ತೇನೆ, ಇನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಅತ್ತೆ, "ಕೈ ಸೋತ್ರ ಮನಿಗೆ ಬರ್ಬೇಕು, ಮನಿ ಬಿಟ್ಟು ಹೋಗ್ತಾರೇನು? ಅವ್ನ ಬುದ್ಧಿಗಿಷ್ಟು ಬೆಂಕಿ ಹಚ್ಚ" ಎನ್ನುತ್ತಾರೆ. ಬೈದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

ಗೂಡಿನಲ್ಲಿ ನಿಮ್ಮ ಚಹಾದ ಲೋಟ ಹಾಗೇ ಇದೆ. ಒಂದು ವರ್ಷದಿಂದ ನಾನು ಅರ್ಧ ಲೋಟವೇ ಕೊಡುತ್ತಿದ್ದೆ. "ಏನ ವಿಜೀ, ಚಾಪುಡಿ ಅಷ್ಟು ತುಟ್ಟಿ ಆಗೇತೇನ?" ಎಂದು ಕಾಡುತ್ತಿದ್ದಿರಿ. ಬಂದು ಇನ್ನೊಮ್ಮೆ ಕಾಡಿ.

ಅತ್ತೆಯ ಆಶೀರ್ವಾದ, ಹಾರಿಕಾಳ ನಮಸ್ಕಾರ. ಸುಂಕಲಮ್ಮ ನಿಮ್ಮನ್ನು ಕೈಹಿಡಿದು ಮನೆ ಮುಟ್ಟಿಸಲಿ.

ನಿಮ್ಮ ದಾರಿ ನೋಡುತ್ತಿರುವ
ವಿಜಯಶ್ರೀ

ಮ.ವಿ.: ಭೀಮಲಿಂಗಪ್ಪ ಬಾಗಿಲಲ್ಲಿ ಹಾರ್ನು ಹೊಡೆಯುತ್ತಿದ್ದಾನೆ. ಹೇಳಬೇಕಾದ್ದನ್ನು ಬಿಟ್ಟು ಊರೆಲ್ಲ ಸುತ್ತಿದೆ. ಚಹಾಪುಡಿ ತುಟ್ಟಿಯಾಗಿರಲಿಲ್ಲ. ತುಂಬಿದ ಲೋಟ ನಿಮ್ಮ ಕೈಯಲ್ಲಿ ಚೆಲ್ಲುತ್ತಿತ್ತು. ನಿಮಗೆ ಗೊತ್ತಾಗದಿರಲಿ ಎಂದು ಅರ್ಧ ಕೊಡುತ್ತಿದ್ದೆ. ಆ ದಿನವೂ ಉಳಿ ಎತ್ತಿದಾಗಲೇ ಕೈ ನಡುಗುವುದು ಕಂಡಿತು, ನಾನು ಕನ್ನಡಿಯ ಮೇಲಿನ ಬಟ್ಟೆ ತೆಗೆಯಲೇ ಇಲ್ಲ. ತಾಯಿ ಇನ್ನೂ ಕನ್ನಡಿ ನೋಡಿಲ್ಲ ರೀ. ಕನ್ನಡಿ ನೋಡುವ ತನಕ ಅದು ಕಲ್ಲು, ನಿಮ್ಮ ಗುರುಗಳೇ ಹೇಳಿದ ಮಾತು. ನೀವು ಯಾರ ಕಣ್ಣನ್ನೂ ಕಳೆದಿಲ್ಲ, ಎರಡೂ ಕೆಳರೆಪ್ಪೆಯನ್ನು ಒಂದು ನೂಲಿನಷ್ಟು ಕೆಳಗಿಳಿಸಿ ಕೆತ್ತಿದರೆ ಸರಿಹೋಗುತ್ತದೆ. ನಿಮ್ಮ ಕೈಯನ್ನು ನಂಬಲಿಲ್ಲ ಎಂದು ನಿಮಗೆ ಹೇಗೆ ಹೇಳಲಿ ಎಂದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ, ಪೆದ್ದಣ್ಣನಿಗೂ ಹೇಳಿಲ್ಲ. ಮಂಗಳವಾರ ಅಷ್ಟೂ ಜನರ ಮುಂದೆ ಹೇಳುತ್ತೇನೆ, ನೀವು ಬಂದರೂ ಸರಿ, ಬರದಿದ್ದರೂ ಸರಿ. ಆದರೆ ಉಳಿ ಹಿಡಿಯುವವರು ನೀವೇ ಆಗಬೇಕು. ಈ ಸಲ ಕನ್ನಡಿಯನ್ನು ಅತ್ತೆ ಹಿಡಿಯಲಿ, ನಾನು ನಿಮ್ಮ ಮೊಣಕೈ ಹಿಡಿಯುತ್ತೇನೆ. ನನ್ನ ಮೇಲೆ ಸಿಟ್ಟು ಬಂದಿದ್ದರೆ ಬೈಯಲಿಕ್ಕಾದರೂ ಬನ್ನಿ.