ಒಂದು ರೂಪಾಯಿ ಅಂಟಿಸಿದ ಕವರ್

ಮೇ 4, ಭಾನುವಾರ

ಇವತ್ತೂ ಎಸಿ ಹಾಲ್ ಡ್ಯೂಟಿ. ಕಾಲು ಊದಿಕೊಂಡಿವೆ. ಮಧ್ಯಾಹ್ನ ಒಂದು ಆಫೀಸ್ ಗ್ಯಾಂಗ್ ಬಂದು ಸಂಜೆ ಕಾಫಿಯ ಹೊತ್ತಿನವರೆಗೂ ಕೂತಿತ್ತು. ಸೂಪ್ ಆರಿದೆ, ಬಿಸಿ ಮಾಡಿಸಿ. ಈರುಳ್ಳಿ ತನ್ನಿ. ನಿಂಬೆಹಣ್ಣು ಎಲ್ಲಿ... ಬಿಲ್ ಬಂದಾಗ ಸರ್ವಿಸ್ ಚಾರ್ಜ್ ತೆಗೆಸಿದರು. "ಅದು ನಿಮಗೆ ಸಿಗಲ್ಲ ಅಕ್ಕ, ಓನರ್‌ಗೆ ಹೋಗತ್ತೆ. ನಿಮಗೆ ಡೈರೆಕ್ಟಾಗಿ ಕೊಡ್ತೀವಿ" ಎಂದ ಒಬ್ಬ. ಡೈರೆಕ್ಟಾಗಿ ಕೊಟ್ಟದ್ದು ಒಂದು ಥ್ಯಾಂಕ್ಯೂ. ಸೋಂಪು ಮಾತ್ರ ಬಟ್ಟಲು ಬಳಿದುಕೊಂಡು ಹೋದರು.

ಕೊಟ್ಟಿದ್ದರೂ ಏನು. ಟೇಬಲ್ ಮೇಲೆ ಬಿಟ್ಟದ್ದೆಲ್ಲ ಕೌಂಟರ್ ಪಕ್ಕದ ಡಬ್ಬಿಗೆ. ತಿಂಗಳ ಕೊನೆಗೆ ಮ್ಯಾನೇಜರ್ ಈಶಪ್ಪನವರು ಬೀಗ ತೆಗೆಯುತ್ತಾರೆ. ಒಡೆದ ಗ್ಲಾಸು, ಪ್ಲೇಟಿಗೆ ಮುರಿದುಕೊಂಡು ಉಳಿದದ್ದನ್ನು ಹಂಚುತ್ತಾರೆ. ಡಬ್ಬಿಯ ಮೇಲೆ ನಗುವ ಮುಖದ ಸ್ಟಿಕ್ಕರ್ ಇದೆ. ಇಡೀ ಹೋಟೆಲ್‌ನಲ್ಲಿ ನಿಜವಾಗಿ ನಗುವುದು ಅದೊಂದೇ.

ಮೇ 8, ಗುರುವಾರ

ಶೈಲಾ ಮೇಡಂ ಬಂದಿದ್ದರು, ಪಾಪು ಸಮೇತ. ಎದುರಿನ ಅಪಾರ್ಟ್‌ಮೆಂಟಿನವರು. ಹೋದ ವರ್ಷ ಬಸುರಿಯಾಗಿದ್ದಾಗ ಏನು ತಿಂದರೂ ವಾಕರಿಕೆ ಅವರಿಗೆ. ಮನೆಯ ಮಾವಿನಕಾಯಿ ಉಪ್ಪಿನಕಾಯಿ ತಂದು ಮೊಸರನ್ನದ ಪಕ್ಕದಲ್ಲಿಟ್ಟಿದ್ದೆ. ಬೆರಳು ಚೀಪಿಕೊಂಡು ತಿಂದಿದ್ದರು. ಅವತ್ತಿನಿಂದ ನಾನು 'ವೇಣಿ ಅಕ್ಕ'. ಅವರು ದುಡ್ಡನ್ನು ಟೇಬಲ್ ಮೇಲೆ ಬಿಡುವುದಿಲ್ಲ. ಅಂಗೈಯೊಳಗಿಟ್ಟು ಬೆರಳು ಮುಚ್ಚುತ್ತಾರೆ— "ಡಬ್ಬಿಗೆ ಹಾಕ್ಬೇಡಿ. ಇದು ನಿಮಗೆ."

ಇವತ್ತು, ಮಗಳು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ಎಂದೆ. ತಕ್ಷಣ ಐನೂರರ ನೋಟು ತೆಗೆದರು. "ಇದು ಟಿಪ್ಸ್ ಅಲ್ಲ ಅಕ್ಕ. ಮಗಳಿಗೆ ನನ್ ಕಡೆಯಿಂದ." ಕಣ್ಣು ತುಂಬಿತು. ನೀರಿನ ಜಗ್ ತರುವ ನೆಪ ಮಾಡಿ ಒಳಗೆ ಹೋದೆ.

ನನ್ನ ಜೊತೆ ಸಪ್ಲೈ ಮಾಡುವ ಬಸಲಿಂಗ ನೋಡಿಬಿಟ್ಟ. ಯಾದಗಿರಿ ಕಡೆಯವನು, ನಾಲಿಗೆ ಚೂಪು. "ಕೊಟ್ಟಾರಂತ ನೀವು ಅವರ ಬಳಗ ಆದಂಗಲ್ರಿ ಅಕ್ಕಾರ. ಮಂದಿ ಬೀದಿನಾಯಿಗೂ ಬಿಸ್ಕಿಟ್ ಹಾಕ್ತಾರ." ಸಂಜೆಯವರೆಗೂ ಅವನ ಜೊತೆ ಮಾತಾಡಲಿಲ್ಲ.

ಮನೆಯಲ್ಲಿ ಅತ್ತೆಗೆ ಹೇಳಿದೆ. ಅವರಿಗೆ ಟಿಪ್ಸು ಗಿಪ್ಸು ಗೊತ್ತಿಲ್ಲ. "ನಮ್ ಮಗೀಗೆ ಮುಯ್ಯಿ ಮಾಡವ್ರೆ ಅನ್ನು. ಮರೀಬ್ಯಾಡ. ಅವ್ರ ಮನೇಲಿ ಕಾರ್ಯ ಆದಾಗ ನಾವೂ ಮಾಡ್ಬೇಕು. ಇಲ್ದಿದ್ರೆ ಇಸ್ಕೊಂಡು ತಿಂದೋರು ಅಂತಾರೆ" ಎಂದರು.

ಜುಲೈ 27, ಭಾನುವಾರ

ಆಗಸ್ಟ್ ಹತ್ತಕ್ಕೆ ಪಾಪುಗೆ ಒಂದು ವರ್ಷ ತುಂಬುತ್ತದೆ. ನಮ್ಮ ಪಾರ್ಟಿ ಹಾಲ್ ಬುಕ್ ಆಗಿದೆ. ಸರ್ವಿಸ್‌ಗೆ ವೇಣಿ ಅಕ್ಕನೇ ಇರಬೇಕು ಎಂದು ಶೈಲಾ ಮೇಡಂ ಹೇಳಿದರಂತೆ. ವಾರದ ರಜೆ ಬಿಟ್ಟುಕೊಟ್ಟೆ. ಅತ್ತೆಯ ಕಿವಿಗೆ ಬಿದ್ದದ್ದೇ ತಡ, "ಮುಯ್ಯಿ?" ಎಂದರು.

ಕವರ್ ತಂದೆ, ಮೂಲೆಯಲ್ಲಿ ಒಂದು ರೂಪಾಯಿ ಅಂಟಿಸಿದ್ದು. ಕೊಟ್ಟಷ್ಟನ್ನೇ ತಿರುಗಿ ಕೊಟ್ಟರೆ ಸಂಬಂಧ ಮುಗಿಸಿದ ಹಾಗೆ ಎನ್ನುತ್ತಾರೆ ಅತ್ತೆ. ಐನೂರರ ಮೇಲೆ ತಮ್ಮ ಪೆನ್ಷನ್ನಿನ ನೂರು ಸೇರಿಸಿದರು. ಗೋಂದು ಇರಲಿಲ್ಲ, ಕವರಿನ ಬಾಯಿಯನ್ನು ಅನ್ನದ ಅಗುಳಿನಲ್ಲಿ ಅಂಟಿಸಿದೆ. ಮೇಲೆ ಬರೆದೆ: 'ಪಾಪುಗೆ, ವೇಣಿ ದೊಡ್ಡಮ್ಮನಿಂದ.' ದೊಡ್ಡಮ್ಮ ಎಂದು ಬರೆಯುವಾಗ ನಾಚಿಕೆಯಾಯಿತು. ಆದರೂ ಬರೆದೆ. ತಾಯಿಗೆ ಅಕ್ಕನಾದವಳು ಮಗುವಿಗೆ ಇನ್ನೇನಾಗಬೇಕು?

ಆಗಸ್ಟ್ 10, ಭಾನುವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಎದೆ ಒಡೆಯುತ್ತದೆ.

ಕೇಕ್ ಆಯಿತು. ಎಲ್ಲರೂ ಸಾಲಾಗಿ ಗಿಫ್ಟ್ ಕೊಡುತ್ತಿದ್ದರು. ಟ್ರೇ ಇಟ್ಟು, ಕೈ ತೊಳೆದು, ಏಪ್ರನ್ ಬಿಚ್ಚಿ ಸಾಲಿನ ಕೊನೆಗೆ ನಿಂತೆ. ಮುಂದಿದ್ದವರು ತಿರುಗಿ ನೋಡಿ "ವಾಟರ್ ಸ್ವಲ್ಪ" ಎಂದರು. "ಒಂದ್ನಿಮಿಷ ಸಾರ್" ಎಂದೆ. ನನ್ನ ಸರದಿ ಬಂತು. ಕವರನ್ನು ಪಾಪುವಿನ ಕೈಗಿಟ್ಟು, ನೆಟಿಗೆ ಮುರಿದು ದೃಷ್ಟಿ ತೆಗೆದೆ.

ಮೇಡಂ ಗಂಡ ನಕ್ಕರು. "ಏನಕ್ಕ ಇದು, ನಾವ್ ನಿಮಗೆ ಕೊಡ್ಬೇಕು. ಉಲ್ಟಾ ಆಯ್ತಲ್ಲ!" ಯಾರೋ "ರಿವರ್ಸ್ ಟಿಪ್ಪಿಂಗ್!" ಎಂದರು. ಎಲ್ಲರೂ ನಕ್ಕರು. ಒಬ್ಬರು ಮೊಬೈಲ್ ಎತ್ತಿದರು. ನಾನು ಶೈಲಾ ಮೇಡಂ ಮುಖವನ್ನೇ ನೋಡುತ್ತಿದ್ದೆ. 'ಇವರು ನಮ್ಮ ವೇಣಿ ಅಕ್ಕ' ಎನ್ನುತ್ತಾರೆ ಎಂದುಕೊಂಡೆ. ಅಷ್ಟೇ ಸಾಕಿತ್ತು. ಅವರ ಮುಖ ಕೆಂಪಗಾಗಿತ್ತು. "ಇದೆಲ್ಲ ಯಾಕ್ ಮಾಡಕ್ಕೆ ಹೋದ್ರಿ? ಹೋಗಿ, ಊಟಕ್ಕೆ ರೆಡಿ ಮಾಡಿ" ಎಂದರು.

ಪಾಪು ಕವರಿನ ಮೂಲೆಯನ್ನು ಬಾಯಿಗಿಟ್ಟು ನಾಣ್ಯ ಚೀಪುತ್ತಿತ್ತು. ಮೇಡಂ ಕಿತ್ತುಕೊಂಡರು. "ಛೀ, ಗಲೀಜು." ನಾಣ್ಯಕ್ಕೆ ಅಂದದ್ದು. ನಾಣ್ಯಕ್ಕೇ ಅಂದದ್ದು.

ಊಟ ಬಡಿಸಿದೆ. ಯಾರಿಗೂ ನೀರು ಕಡಿಮೆ ಮಾಡಲಿಲ್ಲ.

ಆಗಸ್ಟ್ 11, ಬೆಳಿಗ್ಗೆ

ಈಶಪ್ಪನವರು ಕರೆದರು. "ಏನಮ್ಮ, ಚಿಕ್ಕದು ಹಾಕಿ ದೊಡ್ಡದು ಎತ್ತೋ ಪ್ಲಾನಾ? ಗೆಸ್ಟ್‌ಗೆ ಎಷ್ಟು ಮುಜುಗರ ಆಯ್ತು ಗೊತ್ತಾ?" ಮುಯ್ಯಿ ಸಾರ್, ಎಂದೆ. "ಮುಯ್ಯಿ ನೆಂಟ್ರಿಗೆ ಮಾಡೋದು." ಅವರು ಹೊಸಕೋಟೆ ಕಡೆಯವರು. ಮುಯ್ಯಿ ಏನೆಂದು ಗೊತ್ತಿದ್ದೇ ಆಡಿದ ಮಾತು. ಅದಕ್ಕೇ ಜಾಸ್ತಿ ಉರಿಯಿತು.

ಇನ್ನು ನನಗೆ ಹಾಲ್ ಇಲ್ಲ, ಪಾರ್ಸೆಲ್ ಕೌಂಟರ್. ಅಲ್ಲಿಗೆ ಬರುವವರು ಡೆಲಿವರಿಯವರು. ಅವರಿಗೇ ಯಾರೂ ಕೊಡುವುದಿಲ್ಲ, ನನಗೇನು ಕೊಟ್ಟಾರು. ಬಸಲಿಂಗ ಟೀ ತಂದಿಟ್ಟ. ನಾನು ಹೇಳಿರಲಿಲ್ಲವೇ ಎಂದು ಚುಚ್ಚಲಿಲ್ಲ. ಆಗ ಅಳು ಬಂತು.

ಅತ್ತೆಗೆ ಏನೂ ಹೇಳಿಲ್ಲ. ಖುಷಿಯಾಗಿ ತೆಗೆದುಕೊಂಡರು ಎಂದಿದ್ದೇನೆ.

ಸೆಪ್ಟೆಂಬರ್ 5, ಶುಕ್ರವಾರ

ಶೈಲಾ ಮೇಡಂ ಆಫೀಸಿನವರ ಜೊತೆ ಊಟಕ್ಕೆ ಬಂದರು. ಪಾರ್ಸೆಲ್ ಕೌಂಟರ್ ದಾಟಿಯೇ ಒಳಗೆ ಹೋಗಬೇಕು. ಮೊಬೈಲ್ ನೋಡುತ್ತ ದಾಟಿದರು. ಹೋಗುವಾಗಲೂ ಹಾಗೆಯೇ.

ಟೇಬಲ್ ಕ್ಲೀನ್ ಮಾಡಿದ ಬಸಲಿಂಗ ಬಿಲ್ ಫೋಲ್ಡರ್ ಹಿಡಿದು ನನ್ನ ಹತ್ತಿರ ಬಂದ. ಬಿಡಿಸಿ ನೋಡಿದೆ. ನನ್ನ ಕವರ್. ಪಾಪು ಚೀಪಿದ ಮೂಲೆ ಸುಕ್ಕಾಗಿತ್ತು. ಅನ್ನದ ಅಗುಳು ಒಣಗಿ ಗಟ್ಟಿಯಾಗಿತ್ತು. ಒಡೆದೇ ಇರಲಿಲ್ಲ. ಅದಕ್ಕೊಂದು ಐನೂರರ ನೋಟನ್ನು ಪಿನ್ ಮಾಡಿ ಟೇಬಲ್ ಮೇಲೆ ಬಿಟ್ಟು ಹೋಗಿದ್ದರು. ಟೇಬಲ್ ಮೇಲೆ. ಕೈಗಲ್ಲ.

ಈಶಪ್ಪನವರು ಕೂತಲ್ಲಿಂದಲೇ, "ಟೇಬಲ್‌ದು ಡಬ್ಬಿಗೆ" ಎಂದರು.

"ಅದ್ರಾಗ ಅಕ್ಕಾರ ರೊಕ್ಕ ಐತ್ರಿ" ಎಂದ ಬಸಲಿಂಗ.

"ರೂಲ್ಸ್ ಎಲ್ಲರಿಗೂ ಒಂದೇ ಕಣಯ್ಯ."

ಬಸಲಿಂಗ ಇನ್ನೇನೋ ಹೇಳಲು ಹೊರಟ. ಬೇಡ ಎಂದೆ. ಕೊಟ್ಟವರೇ ಅದನ್ನು ಟಿಪ್ಸ್ ಮಾಡಿದ ಮೇಲೆ ನಾನು ಯಾರ ಹತ್ತಿರ ಜಗಳವಾಡಲಿ? ಕವರ್ ಡಬ್ಬಿಯ ಸೀಳಿನಲ್ಲಿ ಇಳಿಯಲಿಲ್ಲ, ನಾಣ್ಯ ಅಡ್ಡ ಬಂತು. ಉಗುರಿನಿಂದ ನಾಣ್ಯ ಕಿತ್ತೆ. ದೊಡ್ಡಮ್ಮ ಎಂಬುದು ಒಳಗೆ ಬರುವಂತೆ ಮಡಿಸಿ ತುರುಕಿದೆ. ನಾನೇ.

ಮನೆಗೆ ಬಂದೆ. ಅತ್ತೆ ಅವರೆಕಾಳು ಆರಿಸುತ್ತಿದ್ದರು. "ನಿಮ್ ಮೇಡಮ್ಮು ಬಂದಿದ್ರಾ? ನಮ್ ಮುಯ್ಯಿ ವಿಸ್ಯ ಏನಾರ ಅಂದ್ರಾ?"

ಅಂದರು ಎಂದೆ.

"ದಸರಾಗೆ ಮಗೀನ ಕರ್ಕೊಂಡು ಊಟಕ್ಕೆ ಬರಕ್ಕೇಳು. ಕೊಟ್ಟು ತಗೊಳೋ ಜನ ಆದ್ವಲ್ಲ, ಇನ್ನೇನು."

ಹೂಂ ಎಂದೆ. ಆ ಒಂದು ರೂಪಾಯಿ ಇನ್ನೂ ಅಂಗೈಯಲ್ಲೇ ಇತ್ತು. ಈಗಲೂ ಪುಟದ ಪಕ್ಕದಲ್ಲಿದೆ. ಒಳಗಿನಿಂದ ಅತ್ತೆ ಕೂಗುತ್ತಿದ್ದಾರೆ— ಮೇಡಂಗೆ ಏನು ಇಷ್ಟ, ಏನು ಮಾಡೋಣ ಎಂದು. ಮತ್ತೆ ಕೂಗಿದರು. ಏನೆಂದು ಹೇಳಲಿ... ಮೊಸರನ್ನ ಅತ್ತೆ, ಜೊತೆಗೆ ನಮ್ಮ ಮಾವಿನಕಾಯಿ—