ಅನಿಮೋನಿಗೆ ಜರಡಿ ಬೇಡ

ಅಪ್ಪಾ,

ಮೀನಿನ ತೊಟ್ಟಿಯಲ್ಲಿ ಅನಿಮೋನ್ ಮೇಲೆ ಟೀ ಸೋಸೋ ಜರಡಿ ಬೋರಲು ಹಾಕಿದ್ದು ನೀವೇ ತಾನೇ? ತೆಗೆದಿದ್ದೀನಿ. ಮತ್ತೆ ಹಾಕಬೇಡಿ. ಅದರೊಳಗೆ ಮುದುಡಿ ಕೂತಿದ್ದು ನೋಡಿ ನನಗೇ ಉಸಿರು ಕಟ್ಟಿತು.

ನೋಡೋಕೆ ಹೂವಿನ ಹಾಗಿದ್ದರೂ ಅದು ಹೂವಲ್ಲ, ಕಡಲಿನ ಪ್ರಾಣಿ. ಜಾಗ ಒಗ್ಗದಿದ್ದರೆ ತಾನೇ ಮೆಲ್ಲಗೆ ಸರಿಯುತ್ತೆ. ಪಂಪಿಗೆ ಸಿಕ್ಕಿ ಚೂರಾದರೆ ನೀರು ಕೆಟ್ಟು ಮೀನೂ ಸಾಯುತ್ತವೆ ಅಂತ ನಿಮ್ಮ ಭಯ. ಅದಕ್ಕೇ ಪಂಪಿನ ಬಾಯಿಗೆ ಸ್ಪಾಂಜ್ ಕಟ್ಟಿದ್ದೀನಿ. ಮುಚ್ಚಬೇಕಾದ್ದು ಅದನ್ನ.

ಕಿತ್ತಳೆ ಮೀನು ಅದರ ಮಡಿಲಲ್ಲೇ ಮಲಗುತ್ತೆ, ಅನಿಮೋನ್ ಅದನ್ನ ಕುಟುಕಲ್ಲ, ಓಡಿಸಬೇಡಿ. ಉಳಿದ ಮೀನುಗಳು ಕುಟುಕಿಸಿಕೊಳ್ಳದಷ್ಟು ದೂರ ಇರೋದು ಕಲಿತಿವೆ.

ಆಫೀಸಿಗೆ ಹೊರಟೆ. ಸಂಜೆ ಬಸ್ ಸ್ಟಾಪಿಗೆ ಬರಬೇಡಿ. ನನ್ನ ತಲೇಲೂ ನರೆ ಬಂತಪ್ಪಾ.

ಹೇಗೂ ಬಂದೇ ಬರ್ತೀರಿ. ರಸ್ತೆ ದಾಟೋವಾಗ ಕೈಯಾದರೂ ಹಿಡೀಬೇಡಿ.