ಅಡ್ಡಬಿಲ್ಲಿನ ಹಿಡಿ ಕೊಯ್ಯಬೇಡಿ

ರೀ,

ನಾನು ಕೆಲಸಕ್ಕೆ ಹೊರಟೆ. ಮೇಜಿನ ತುಂಬ ಮರದ ಪುಡಿ, ಅದಕ್ಕೇ ಊಟ ಒಲೆಯ ಪಕ್ಕ ಮುಚ್ಚಿಟ್ಟಿದ್ದೇನೆ. ಕೈ ತೊಳೆದು ಉಣ್ಣಿ, ಅಂಟು ಬಾಯಿಗೆ ಹೋದೀತು.

ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ನೀವು ಅವಳಿಗೆಂದು ಮಾಡುತ್ತಿದ್ದ ಆ ಅಡ್ಡಬಿಲ್ಲನ್ನು ಮುಟ್ಟಿದ್ದು ನಿನ್ನೆಯೇ ಮೊದಲು. ಮುಗಿಸಿ, ಬೇಡ ಅನ್ನುವುದಿಲ್ಲ. ಹೆದೆಗೆ ದಾರ ನಾನೇ ಹೊಸೆದು ಕೊಡುತ್ತೇನೆ.

ಆದರೆ ಬಂದೂಕಿನ ಹಾಗೆ ಹೆಗಲಿಗೆ ಆನಿಸುವ ಹಿಡಿಯ ತುದಿಯನ್ನು ಕೊಯ್ಯಲು ಗೀಟು ಎಳೆದಿದ್ದೀರಿ. ನೀವು ನೋಡಿಕೊಂಡು ಮಾಡುತ್ತಿರುವ ಹಳೇ ಕಾಲದ ಚಿತ್ರದಲ್ಲಿ ಹಿಡಿ ಅಷ್ಟು ಉದ್ದ ಇಲ್ಲ, ನನಗೂ ಗೊತ್ತು. ಅಳತೆ ಕೊಡುವಾಗ ಅವಳು ಏನಂದಿದ್ದಳು, ನೆನಪಿದೆಯಾ? “ಅಪ್ಪಾ, ಸ್ವಲ್ಪ ಉದ್ದಾನೇ ಬಿಡು, ಬರೋ ವರ್ಷಕ್ಕೆ ನಾನೂ ಉದ್ದ ಆಗಿರ್ತೀನಿ.”

ಗರಗಸ ನನ್ನ ಚೀಲದಲ್ಲಿದೆ. ಮನೆಯೆಲ್ಲ ತಡಕಾಡಬೇಡಿ.